ಎಬಿನೇಜರ್ ಸಾರ್ ಊಟಕ್ಕೆ ಮುಂಚೆ

ಕತ್ರಿಗುಪ್ಪೆಯ ನಮ್ಮ ಪಂಪ್‌ಸೆಟ್ ಆಫೀಸಿನಲ್ಲಿ ಕ್ರೈಸ್ತರು ಇಬ್ಬರು: ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಎಬಿನೇಜರ್ ಸಾರ್, ಅಲ್ಲೇ ಮೂಲೆಯಲ್ಲಿ ಬಿಲ್ ಬರೆಯುತ್ತಿದ್ದ ನಾನು. ನನ್ನ ವಿಷಯ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಹೆಸರು ವಸಂತ; ಭಾನುವಾರ ಚರ್ಚಿಗಿಂತ ಹಾಸಿಗೆಗೇ ಹೆಚ್ಚು ನಿಷ್ಠ. ರಾಜಿ ಮಾಡಿಕೊಳ್ಳಲಾದರೂ ಒಳಗೆ ನಂಬಿಕೆ ಅಂತ ಏನಾದರೂ ಇರಬೇಕಲ್ಲ.

ಸಾರ್ ಹಾಗಲ್ಲ. ತೊಂಬತ್ತಾರರಲ್ಲಿ ನಾನು ಸೇರಿದಾಗ ಅವರು ಮಧ್ಯಾಹ್ನ ಡಬ್ಬಿ ತೆರೆದು, ಕೈ ಜೋಡಿಸಿ, ಕಣ್ಣು ಮುಚ್ಚಿ ಪ್ರಾರ್ಥಿಸಿದ ಮೇಲೇ ಮೊದಲ ತುತ್ತು. ನಮ್ಮ ಜೊತೆ ಕೆಲಸಕ್ಕಿದ್ದ ಗದಗಿನ ಕಡೆಯ ಸಂಗಮೇಶ ರೇಗಿಸುತ್ತಿದ್ದ.

“ಸರ್ರ, ಕಣ್ಣ ಮುಚ್ಚಿದ್ರ ಆಮ್ಲೆಟ್ ನಮ್ದು ನೋಡ್ರಿ!”

“ತಗೊಳ್ಳಯ್ಯ, ನಮ್ಮನೆಯವಳು ಉಪ್ಪು ಹಾಕೋದು ಮರ್ತಿದ್ದಾಳೆ,” ಎಂದು ನಕ್ಕು ಸಾರ್ ಮತ್ತೆ ಕಣ್ಣು ಮುಚ್ಚುತ್ತಿದ್ದರು.

ಆಮೇಲೆ ಬಂದ ಮ್ಯಾನೇಜರ್ ಸೇತುರಾಮ್ ನಮ್ಮ ಜೊತೆಯೇ ಊಟಕ್ಕೆ ಕೂರತೊಡಗಿದರು. ಸ್ಟೋರ್ಸ್ ಇನ್‌ಚಾರ್ಜ್ ಹುದ್ದೆ ಖಾಲಿಯಿತ್ತು, ಯಾರಿಗೆ ಕೊಡುವುದೆಂಬುದು ಅವರ ಕೈಲಿತ್ತು. ಪ್ರಾರ್ಥನೆ ಬೇಡವೆಂದು ಅವರು ಹೇಳಲಿಲ್ಲ. “ಏನ್ ಎಬಿನೇಜರ್, ಇದು ಆಫೀಸೋ ಚರ್ಚೋ?” ಎಂದರು, ಅಷ್ಟೆ. ಮರುದಿನ ಸಾರ್ ಕೈ ಜೋಡಿಸಲಿಲ್ಲ. ಕೆಲವು ತಿಂಗಳಲ್ಲಿ ಕಣ್ಣು ಮುಚ್ಚುವುದೂ ನಿಂತಿತು. “ಮನಸ್ಸಲ್ಲೇ ಮಾಡ್ಕೋತೀನಿ ಕಣೋ,” ಎಂದರು, ನಾನು ಕೇಳದೇ ಇದ್ದರೂ. ಹುದ್ದೆ ಅವರಿಗೇ ಸಿಕ್ಕಿತು. ಸೈಕಲ್ ಹೋಗಿ ಮೊಪೆಡ್ ಬಂತು.

ಎರಡು ಸಾವಿರದೊಂದರಲ್ಲಿ ಸಂಗಮೇಶನ ಮಗಳಿಗೆ ಮಿದುಳು ಜ್ವರ. ಆಸ್ಪತ್ರೆಗೆ ಹೊರಟವನು ಸ್ಟೋರ್ಸಿಗೆ ಬಂದ.

“ಸರ್ರ, ನಮ್ಮವ್ವ ಹರಕಿ ಹೊತ್ತಾಳ್ರಿ. ನೀವೂ ನಿಮ್ಮ ದೇವ್ರಿಗೆ ಒಂದ್ ಮಾತ್ ಹೇಳ್ರಿ. ಈಗ, ಇಲ್ಲೇ.”

ಸಾರ್ ಕೈ ಜೋಡಿಸಿದರು. ಕಣ್ಣು ಮುಚ್ಚಿದರು. “ಕರ್ತನೇ...” ಎಂದರು. ಫ್ಯಾನು ತಿರುಗುತ್ತಿತ್ತು. ಸಂಗಮೇಶ ತಲೆ ತಗ್ಗಿಸಿ ಕಾಯುತ್ತಲೇ ಇದ್ದ. ತುಂಬ ಹೊತ್ತಾದ ಮೇಲೆ ಸಾರ್ “ಆಮೆನ್” ಎಂದರು. ಅವನು ಕಣ್ಣೊರೆಸಿಕೊಂಡು ಹೋದ.

“ಪ್ರಾರ್ಥನೆ ಬರ್ಲಿಲ್ಲ ಕಣೋ ವಸಂತ. ಆ ಕಡೆ ಯಾರಿದ್ದಾರೆ ಅಂತಾನೇ ತಿಳೀಲಿಲ್ಲ,” ಎಂದರು. ಸ್ಟಾಕಿನ ವಿಷಯ ಹೇಳುವ ಧ್ವನಿ. ಮತ್ತೆ, “ನೀನಾದ್ರೂ ಮಾಡೋ. ನೀನೂ ನಮ್ಮೋನೇ ಅಲ್ವಾ?”

ಅವರಿಗೆ ಗೊತ್ತಿತ್ತು. ನಾನು ಬಿಲ್ ಪುಸ್ತಕಕ್ಕೆ ಕಾರ್ಬನ್ ಹಾಳೆ ಇಟ್ಟು ಬರೆಯತೊಡಗಿದೆ.

ಮಗು ಉಳಿಯಿತು. ಸಂಗಮೇಶ ಪೇಡಾ ತಂದ. “ನಿಮ್ಮ ಪ್ರಾರ್ಥನಿ ಮುಟ್ಟಿತ್ರಿ ಸರ್ರ!” ಎಂದು ಕಾಲಿಗೆ ಬಗ್ಗಿದ. ಸಾರ್ ಬಾಯಿ ತೆರೆದರು, ನಿಜ ಹೇಳುತ್ತಾರೆಂದುಕೊಂಡೆ.

ಬಾಗಿಲಲ್ಲಿ ಸೇತುರಾಮ್. “ಏನ್ರೀ, ಯಾವ ಪ್ರಾರ್ಥನೆ?”

“ಅಯ್ಯೋ, ಏನಿಲ್ಲ ಸಾರ್. ಇವನು ಸುಮ್ನೆ ಹೇಳ್ತಾನೆ,” ಎಂದು ಎಬಿನೇಜರ್ ಸಾರ್ ಪೇಡಾ ಬಾಯಿಗೆ ಹಾಕಿಕೊಂಡರು.

ನಾನೂ ಒಂದು ತೆಗೆದುಕೊಂಡೆ. ಚೆನ್ನಾಗಿತ್ತು.