ರೆಫರಿಗೆ ಶಾಲು ಹೊದಿಸಿದ ದಿನ

ನಾನು ಹನ್ನೆರಡು ವರ್ಷ ಕತ್ತರಿ ಹಿಡಿದು ಅನ್ನ ತಿಂದವಳು. ದರ್ಜಿ ಕೆಲಸವಲ್ಲ. ಹೈದರಾಬಾದಿನಲ್ಲಿ ಲೋಹಶಾಸ್ತ್ರದ ಒಂದು ಪತ್ರಿಕೆ ಇತ್ತು, ದೇಶದ ನಾನಾ ಕಡೆಯ ವಿಜ್ಞಾನಿಗಳು ಅದಕ್ಕೆ ಲೇಖನ ಕಳಿಸುತ್ತಿದ್ದರು. ಲೇಖನ ಬಂದ ಕೂಡಲೇ ಬರೆದವರ ಹೆಸರು, ಊರು, ಸಂಸ್ಥೆ ಇರುವ ಮೊದಲ ಹಾಳೆಯನ್ನು ಕತ್ತರಿಸಿ ತೆಗೆಯಬೇಕು. ಒಳಗೆ ಎಲ್ಲಾದರೂ ಹೆಸರು ನುಸುಳಿದ್ದರೆ ಕಪ್ಪು ಮಾರ್ಕರ್ ಬಳಿಯಬೇಕು. ಮೇಲೆ ಒಂದು ನಂಬರ್ ಬರೆದು, ಉಳಿದದ್ದನ್ನು ಇಬ್ಬರು ರೆಫರಿಗಳಿಗೆ ಕಳಿಸಬೇಕು. ರೆಫರಿ ಎಂದರೆ ಸೀಟಿ ಊದುವವರಲ್ಲ, ಅದೇ ವಿಷಯ ಬಲ್ಲ ಬೇರೆ ವಿಜ್ಞಾನಿಗಳು. ಓದಿ, ಇದು ಅಚ್ಚಿಗೆ ಯೋಗ್ಯವೋ ಅಲ್ಲವೋ ಎಂದು ಬರೆದು ಕೊಡುವವರು. ಅದಕ್ಕೆ ಅವರಿಗೆ ಸಂಬಳವೂ ಇಲ್ಲ, ಹೆಸರೂ ಇಲ್ಲ. ಬರೆದವರು ಯಾರೆಂದು ಇವರಿಗೆ ಗೊತ್ತಾಗಬಾರದು, ಓದಿದವರು ಯಾರೆಂದು ಅವರಿಗೆ ಗೊತ್ತಾಗಬಾರದು. ಎರಡೂ ಗೊತ್ತಿದ್ದವರು ಸಂಪಾದಕರು ಮತ್ತು ನಾನು, ಇಬ್ಬರೇ. ಆ ಗುಟ್ಟಿನ ಮೇಲೆ ನನಗೆ ಎಂಥ ಜಂಬವೆಂದರೆ, ಮದುವೆ ಮನೆಯಲ್ಲಿ ಯಾರಾದರೂ “ಏನ್ ಕೆಲಸ ಮಾಡ್ತಿ?” ಎಂದು ಕೇಳಿದರೆ “ಹೇಳಾಕ ಬರೂದಿಲ್ಲ” ಅನ್ನುತ್ತಿದ್ದೆ. ನಮ್ಮ ಬೀದರ ಕಡೆಯ ನೆಂಟರು ನಾನು ಕ್ಷಿಪಣಿ ಮಾಡುವ ಕಡೆ ಇದ್ದೇನೆಂದು ತಿಳಿದುಕೊಂಡಿದ್ದರು. ನಾನೂ ತಿದ್ದಲಿಲ್ಲ.

ರೆಫರಿಗಳಲ್ಲಿ ಒಬ್ಬರು ರಾಯಚೂರು ಕಡೆಯ ಹೆಣ್ಣುಮಗಳು. ಹೈದರಾಬಾದಿನ ಹೊರಗಿನ ದೊಡ್ಡ ಸರ್ಕಾರಿ ಪ್ರಯೋಗಾಲಯದಲ್ಲಿ ವಿಜ್ಞಾನಿ. ನನಗಿಂತ ಹತ್ತು ವರ್ಷ ದೊಡ್ಡವರು, ಅದಕ್ಕೇ ಅಕ್ಕಾರ ಎಂದು ಕರೆಯುತ್ತಿದ್ದೆ. ಉಳಿದ ರೆಫರಿಗಳು ಅರ್ಧ ಪುಟ ಗೀಚಿ, ಅದನ್ನೂ ಮೂರು ಸಲ ನೆನಪು ಮಾಡಿಸಿಕೊಂಡು ಕಳಿಸುತ್ತಿದ್ದರು. ಅಕ್ಕ ಎಂಟು ಪುಟ, ಹತ್ತು ಪುಟ ಕೈಯಲ್ಲಿ ಬರೆದು, ಪೋಸ್ಟನ್ನು ನಂಬದೆ ಶನಿವಾರ ತಾವೇ ಬಸ್ ಹಿಡಿದು ತಂದು ಕೊಡುತ್ತಿದ್ದರು.

“ಇಷ್ಟ್ಯಾಕ ಬರೀತೀರಿ ಅಕ್ಕಾರ? ಬ್ಯಾಡ ಅಂತ ಒಂದು ಸಾಲ ಬರದ್ರ ಮುಗೀತು.”

“ಹಂಗಲ್ಲ ತಂಗಿ. ಇದನ್ನ ನಂಬಿ ನಾಳೆ ಯಾರೋ ಬಾಯ್ಲರ್ ಕಟ್ಟತಾರ. ಅದು ಒಡದ್ರ ಸಾಯಾವ್ರು ಯಾರು? ಬರದಾಂವ ಅಂತೂ ಅಲ್ಲ.”

ಇಂಥವರು ಹನ್ನೊಂದು ವರ್ಷದಿಂದ ಒಂದೇ ಹುದ್ದೆಯಲ್ಲಿ ಕೊಳೆಯುತ್ತಿದ್ದರು. ಅವರ ಹತ್ತಿರ ಕೆಲಸ ಕಲಿತವರು ಅವರನ್ನು ದಾಟಿ ಮೇಲೆ ಹೋಗಿದ್ದರು. ಬಡ್ತಿ ಸಿಕ್ಕಿದ್ದರೆ ಅವರದೇ ಒಂದು ಕೋಣೆ, ಅವರದೇ ಒಂದು ಮೈಕ್ರೋಸ್ಕೋಪ್ ಆಗುತ್ತಿತ್ತು. ಇನ್ನೊಬ್ಬರ ಮೈಕ್ರೋಸ್ಕೋಪ್ ಯಾವಾಗ ಖಾಲಿಯಾದೀತೆಂದು ಬಾಗಿಲಲ್ಲಿ ನಿಲ್ಲುವುದು ತಪ್ಪುತ್ತಿತ್ತು. ಅವರು ಕೇಳಿದ್ದು ಅಷ್ಟೇ. ಎರಡು ಸಲ ಇಂಟರ್‌ವ್ಯೂ ಆಗಿ ಎರಡೂ ಸಲ ಕೈತಪ್ಪಿತ್ತು. ಮೂರನೆಯದು, ಬಹುಶಃ ಕೊನೆಯದು, ಆ ವರ್ಷ ಇತ್ತು.

ಅದು ಹೈದರಾಬಾದಿಗೆ ಸಾಫ್ಟ್‌ವೇರ್ ಜ್ವರ ಏರಿದ್ದ ಕಾಲ. ನಮ್ಮ ಆಫೀಸಿನ ಟೈಪಿಸ್ಟು ಆರು ತಿಂಗಳು ಅಮೀರ್‌ಪೇಟೆಯಲ್ಲಿ ಏನೋ ಕಂಪ್ಯೂಟರ್ ಕಲಿತು ಕೆಲಸ ಬಿಟ್ಟು ಹೋಗೇಬಿಟ್ಟಿದ್ದಳು. ಎಲ್ಲರ ಬಾಯಲ್ಲೂ ಕಂಪನಿಯ ಮಾತು. ಅಂಥದೊಂದು ಕಂಪನಿಗೆ ನಮ್ಮ ಬಡ ಪತ್ರಿಕೆಯ ಮೇಲೆ ಅದೇಕೋ ಪ್ರೀತಿ ಹುಟ್ಟಿ, ಪ್ರಶಸ್ತಿ ಸಮಾರಂಭ ಮಾಡೋಣ ಎಂದಿತು. ವರ್ಷದ ಅತ್ಯುತ್ತಮ ಲೇಖನಕ್ಕೊಂದು ಪ್ರಶಸ್ತಿ, ಅತ್ಯುತ್ತಮ ರೆಫರಿಗೊಂದು. ಬೇಗಂಪೇಟೆಯ ಹೋಟೆಲಿನಲ್ಲಿ ಸಭೆ, ಊಟ. ಸಂಪಾದಕರು ನಿವೃತ್ತ ಪ್ರೊಫೆಸರರು, ತೆಲುಗಿನವರು. ಜನ್ಮದಲ್ಲಿ ಯಾರೂ ಅವರಿಗೆ ಹೋಟೆಲಿನಲ್ಲಿ ಸಭೆ ಮಾಡಿರಲಿಲ್ಲ, ಕೂಡಲೇ ಒಪ್ಪಿದರು. ರೆಫರಿ ಯಾರಾಗಲಿ ಎಂದು ನನ್ನನ್ನು ಕೇಳಿದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

ಅಕ್ಕ ಮೊದಲು ಒಪ್ಪಲಿಲ್ಲ.

“ರೆಫರಿ ಅಂದ್ರ ಬಾಯಿ ಬಿಡಬಾರದ ಕೆಲಸ. ಅಂಥಾದ್ರಾಗ ನನ್ನ ಸ್ಟೇಜಿನ ಮ್ಯಾಲ ನಿಂದರಸ್ತೀಯೇನು? ಬ್ಯಾಡವಾ.”

ನಾನು ಬಿಡಲಿಲ್ಲ. ಮುಂದಿನ ತಿಂಗಳೇ ಇಂಟರ್‌ವ್ಯೂ ಇದೆ, ಪ್ರಶಸ್ತಿ ಪತ್ರ ಫೈಲಿಗೆ ಸೇರುತ್ತದೆ ಎಂದೆ. ಅವರ ಪ್ರಯೋಗಾಲಯಕ್ಕೆ ಬೇರೆ ಊರಿಂದ ಹೊಸ ನಿರ್ದೇಶಕರು ಬಂದಿದ್ದರು. ಅವರೇ ನಮ್ಮ ಮುಖ್ಯ ಅತಿಥಿ, ಇಂಟರ್‌ವ್ಯೂ ಮಾಡುವವರೂ ಅವರೇ. “ಅವ್ರ ಕೈಲೇ ಶಾಲು ಹೊದಸ್ತೀವಿ ಅಕ್ಕಾರ, ಆಮ್ಯಾಲ ಹೆಂಗ ಇಲ್ಲ ಅಂತಾರ ನೋಡೂಣು” ಎಂದೆ. ಆ ಮಾತಿಗೆ ಅವರು ಬಿದ್ದರು. ಮಣಿಸಿದವಳು ನಾನು, ಇದನ್ನು ಮುಚ್ಚಿಟ್ಟು ಹೇಳುವುದು ನನ್ನಿಂದಾಗದು.

ಸುಲ್ತಾನ್ ಬಜಾರಿಗೆ ಹೋಗಿ ಶಾಲು ತಂದೆ. ಪ್ರಶಸ್ತಿ ಪತ್ರದಲ್ಲಿ ಬರೆದು ಸಭೆಯಲ್ಲಿ ಓದುವ ನಾಲ್ಕು ಸಾಲು ಹೊಗಳಿಕೆಯನ್ನೂ ನಾನೇ ಬರೆದೆ. “ಶ್ರದ್ಧೆಯಿಂದ ಸೇವೆ ಸಲ್ಲಿಸಿದ್ದಾರೆ” ಎಂದು ಬರೆದರೆ, ಕಂಪನಿಯ ಟೈ ಕಟ್ಟಿದ ಹುಡುಗಿ ಎರಡು ಸಲ ವಾಪಸು ಕಳಿಸಿದಳು. ಬಹಳ ಸಪ್ಪೆಯಾಗಿದೆ, ಅವರು ಏನು ಮಾಡಿದರು ಅದನ್ನು ಹೇಳಿ, ಅಂದಳು. ನನಗೂ ಅದು ಸರಿ ಅನ್ನಿಸಿತು. ಹಳೆಯ ಅಭಿಪ್ರಾಯಗಳ ಕಟ್ಟು ಬಿಚ್ಚಿ, ಅಕ್ಕ ಬರೆದದ್ದರಲ್ಲೆಲ್ಲ ನನಗೆ ಪ್ರಿಯವಾದ ಹನ್ನೊಂದು ಪುಟದ್ದನ್ನು ತೆಗೆದೆ. ಒಬ್ಬರು ಎರಡು ಬೇರೆ ಬೇರೆ ಉಕ್ಕುಗಳ ಮೈಕ್ರೋಸ್ಕೋಪ್ ಫೋಟೊ ಎಂದು ಎರಡು ಚಿತ್ರ ಹಾಕಿದ್ದರು. ಅಕ್ಕ ಒಂದು ಸಣ್ಣ ಗೀರನ್ನು ಹಿಡಿದು, ಇವೆರಡೂ ಒಂದೇ ಫೋಟೊ, ಒಂದನ್ನು ತಲೆಕೆಳಗು ಮಾಡಿದ್ದಾರೆ ಎಂದು ತೋರಿಸಿಕೊಟ್ಟಿದ್ದರು. ಲೇಖನ ತಿರಸ್ಕಾರವಾಗಿತ್ತು. ಅದನ್ನು ಚಂದವಾಗಿ ಬರೆದು ಕೊಟ್ಟೆ.

ಅಭಿಪ್ರಾಯದ ಮೇಲೆ ನಂಬರ್ ಮಾತ್ರ ಇತ್ತು. ನಂಬರ್ ಹಿಡಿದು ರಿಜಿಸ್ಟರ್ ತೆಗೆದಿದ್ದರೆ, ಆ ಲೇಖನ ಬರೆದವರ ಹೆಸರು ಎರಡು ನಿಮಿಷದಲ್ಲಿ ಸಿಗುತ್ತಿತ್ತು. ರಿಜಿಸ್ಟರ್ ನನ್ನ ಮೇಜಿನ ಖಾನೆಯಲ್ಲೇ ಇತ್ತು. ನಾನು ತೆಗೆಯಲಿಲ್ಲ. ಹೆಸರು ಹಾಕಿಲ್ಲವಲ್ಲ, ಗುಟ್ಟು ಗುಟ್ಟಾಗೇ ಇದೆಯಲ್ಲ ಎಂದುಕೊಂಡೆ. ಹನ್ನೆರಡು ವರ್ಷ ಗುಟ್ಟು ಕಾದವಳ ಬುದ್ಧಿ ಇದು!

ಸಭೆ ಜೋರಾಗಿಯೇ ನಡೆಯಿತು. ಅಕ್ಕ ಇಳಕಲ್ ಸೀರೆ ಉಟ್ಟುಕೊಂಡು ಬಂದಿದ್ದರು. ನಿರ್ದೇಶಕರು ಶಾಲು ಬಿಚ್ಚಿ ಹಿಡಿದು ನಿಂತಿದ್ದಾಗ ಕಂಪನಿಯ ಹುಡುಗಿ ಮೈಕಿನಲ್ಲಿ ನನ್ನ ನಾಲ್ಕು ಸಾಲು ಓದಿದಳು. ತಲೆಕೆಳಗು ಫೋಟೊದ ಮಾತು ಬಂದಾಗ ಸಭೆಯೆಲ್ಲ ನಕ್ಕಿತು. ವಿಜ್ಞಾನಿಗಳಿಗೆ ಇನ್ನೊಬ್ಬ ವಿಜ್ಞಾನಿ ಸಿಕ್ಕಿಬಿದ್ದ ಸುದ್ದಿಗಿಂತ ರುಚಿಯಾದದ್ದು ಯಾವುದಿದೆ? ಚಪ್ಪಾಳೆ ಬಿತ್ತು. ನಿರ್ದೇಶಕರು ಮಾತ್ರ ನಗುವುದಕ್ಕೆ ಸ್ವಲ್ಪ ತಡ ಮಾಡಿದರು. ಶಾಲು ಹೊದಿಸಿ, ಮೈಕಿನಿಂದ ಆಚೆ ಬಾಗಿ, “ಅದು ಯಾರ ಪೇಪರು ಮೇಡಂ?” ಎಂದು ಹಿಂದಿಯಲ್ಲಿ ಕೇಳಿದರಂತೆ. ಅಕ್ಕ, “ನಮಗೆ ಹೆಸರು ಗೊತ್ತಾಗೋದಿಲ್ಲ ಸರ್” ಎಂದರಂತೆ. ಫೋಟೊ ತೆಗೆದರು. ಎಲ್ಲರೂ ಊಟಕ್ಕೆ ಹೋದೆವು, ನಾನು ಎರಡು ಸಲ ಬ್ರೆಡ್ಡಿನ ಸಿಹಿ ಡಬಲ್ ಕಾ ಮೀಠಾ ಹಾಕಿಸಿಕೊಂಡೆ.

ಮರುದಿನ ಬೆಳಿಗ್ಗೆ ಸಂಪಾದಕರಿಗೆ ಒಂದು ಫೋನ್ ಬಂತು. ಇಟ್ಟವರೇ ರಿಜಿಸ್ಟರ್ ತಾ ಎಂದರು. ತೆಗೆದೆ. ಆ ನಂಬರಿನ ಮುಂದೆ ಐದು ಹೆಸರು, ಮೂರನೆಯದು ನಿರ್ದೇಶಕರದು. ಹಿಂದಿನ ವರ್ಷ ಅವರು ತಮ್ಮ ಹಳೆಯ ಊರಿನಲ್ಲಿದ್ದಾಗ ಕಳಿಸಿದ ಲೇಖನ. ಅದರ ಮೊದಲ ಹಾಳೆಯನ್ನು ನಾನೇ ಕತ್ತರಿಸಿದ್ದೆ. ಫೋನ್ ಮಾಡಿದವರೂ ಅವರೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಸಭೆಯಲ್ಲಿ ಯಾರೂ ಅವರ ಹೆಸರು ಹೇಳಿರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವರ ಲೆಕ್ಕ ಬೇರೆ ಇತ್ತು. ಅವರು ಹೊರಗಿನವರು, ಹಿಂದಿನ ವರ್ಷವೇ ಆ ಹುದ್ದೆಗೆ ಅವರ ಹೆಸರು ಕೇಳಿಬಂದಿತ್ತು, ಪ್ರಯೋಗಾಲಯದಲ್ಲಿ ಕೆಲವರಿಗೆ ತಮ್ಮವರೇ ನಿರ್ದೇಶಕರಾಗಬೇಕೆಂದು ಆಸೆ ಇತ್ತು. ಈ ಹೆಂಗಸು ಅದೇ ಗುಂಪಿನವಳು, ಹೆಸರು ಗೊತ್ತಿದ್ದೇ ನನ್ನ ಲೇಖನ ಕೆಡಿಸಿದಳು, ಈಗ ನನ್ನ ಕೈಯಿಂದಲೇ ಶಾಲು ಹೊದಿಸಿಕೊಂಡು ಅಣಕಿಸಿದಳು ಎಂದು ತಿಳಿದುಕೊಂಡರು. ಅಕ್ಕನಿಗೆ ನೋಟಿಸ್ ಹೋಯಿತು, ದ್ವೇಷದಿಂದ ಅಭಿಪ್ರಾಯ ಬರೆದಿದ್ದೀರೆಂದು ದೂರು ಬಂದಿದೆ, ಉತ್ತರ ಕೊಡಿ ಎಂದು. ಇಂಟರ್‌ವ್ಯೂಗೆ ಹತ್ತು ದಿನ ಉಳಿದಿತ್ತು.

ಅಕ್ಕ ರಜೆ ಹಾಕಿ ಆಫೀಸಿಗೆ ಬಂದರು. ಅವರು ಕೇಳಿದ್ದು ಎರಡು ಸಾಲಿನ ಪತ್ರ. ಈ ನಂಬರಿನ ಲೇಖನವನ್ನು ಹೆಸರಿನ ಹಾಳೆ ತೆಗೆದೇ ಕಳಿಸಿದ್ದೆವು, ಬರೆದವರು ಯಾರೆಂದು ರೆಫರಿಗೆ ಗೊತ್ತಿರಲಿಲ್ಲ. ಅಷ್ಟೇ. ಅದು ಸತ್ಯ, ಪೂರ್ತಿ ಸತ್ಯ.

ಸಂಪಾದಕರು ಕನ್ನಡಕ ಒರೆಸಿಕೊಂಡರು. “ರಹಸ್ಯಂ ರಹಸ್ಯಮೇ ಅಮ್ಮಾ” ಎಂದರು. ಯಾವ ಲೇಖನವನ್ನು ಯಾವ ರೆಫರಿ ಓದಿದರೆಂದು ಪತ್ರಿಕೆ ಎಂದಿಗೂ ಬರವಣಿಗೆಯಲ್ಲಿ ಕೊಡುವುದಿಲ್ಲ, ಅದು ನಮ್ಮ ನಿಯಮ, ಎಂದರು. ಆ ನಿರ್ದೇಶಕರು ಮುಂದಿನ ವರ್ಷ ನಮ್ಮ ಪತ್ರಿಕೆ ನಡೆಸುವ ಸಂಘದ ಅಧ್ಯಕ್ಷರಾಗುವವರಿದ್ದರು, ಅದನ್ನು ಮಾತ್ರ ಸಂಪಾದಕರು ಹೇಳಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದರು. “ಇಡೀ ಸಭಾಕ್ಕ ಮೈಕಿನ್ಯಾಗ ಹೇಳಿದ್ದು ರಹಸ್ಯ ಹೆಂಗಾಗತೈತಿ ತಂಗಿ?”

ಸಂಪಾದಕರು ಎದ್ದು ಒಳಗಿನ ಕೋಣೆಗೆ ಹೋದರು. ಅಕ್ಕ ಕುರ್ಚಿ ಎಳೆದುಕೊಂಡು ನನ್ನ ಮೇಜಿನ ಹತ್ತಿರ ಕುಳಿತರು. ದನಿ ತಗ್ಗಿಸಿದರು. “ಅವ್ರು ಬ್ಯಾಡ. ಹಾಳಿ ಕತ್ತರಸಿದಾಕಿ ನೀನ. ನೀನ ನಿನ್ನ ಕೈಲೆ ಎರಡ ಸಾಲ ಬರದು ಸಹಿ ಮಾಡಿ ಕೊಡ. ನನಗ ಅಷ್ಟ ಸಾಕು.”

ನಾನು ಏನೆಂದೆ ಗೊತ್ತೇ? “ಸರ್ನ ಒಂದು ಮಾತು ಕೇಳಿ ಹೇಳ್ತೀನ್ರಿ ಅಕ್ಕಾರ” ಎಂದೆ. ಆ ಸರ್ ಕೊಡುವುದಿಲ್ಲ ಎಂದು ಹೇಳಿ ಐದು ನಿಮಿಷ ಆಗಿತ್ತು, ನಾವಿಬ್ಬರೂ ಕೇಳಿದ್ದೆವು. ಅಕ್ಕ ಚೀಲ ತೆಗೆದುಕೊಂಡು ಬಸ್ ಸ್ಟಾಪಿನ ಕಡೆ ಹೋದರು.

ಪತ್ರ ನಾನು ಬರೆದೆ. ಮನೆಯಲ್ಲಿ ಕುಳಿತು ಒಳ್ಳೆಯ ಹಾಳೆಯ ಮೇಲೆ ಬರೆದು ಸಹಿ ಮಾಡಿದೆ. ದಿನಾ ಬ್ಯಾಗಿನಲ್ಲಿಟ್ಟುಕೊಂಡು ಆಫೀಸಿಗೆ ಹೋದೆ, ದಿನಾ ಅದನ್ನು ವಾಪಸು ತಂದೆ. ಆ ಕಾಲದಲ್ಲಿ ಎಲ್ಲರಿಗೂ ಎಲ್ಲೆಂದರಲ್ಲಿ ಕೆಲಸ ಸಿಗುತ್ತಿತ್ತು ಅನ್ನುತ್ತಾರೆ. ಕತ್ತರಿ ಹಿಡಿಯುವವರಿಗೆ ಸಿಗುತ್ತಿರಲಿಲ್ಲ. ಅದು ನೆಪ. ನಾನು ಹೆದರಿದ್ದೆ. ಸಂಪಾದಕರು ಸಿಡುಕಿದ ಮುಖದಿಂದ ನನ್ನನ್ನು ನೋಡುವುದನ್ನು ನೆನೆದೇ ಹೆದರಿದ್ದೆ, ಇಷ್ಟು ಸಣ್ಣ ಹೆದರಿಕೆ. ಹತ್ತು ದಿನ ಕಳೆದ ಮೇಲೆ ಪತ್ರ ಹರಿದು ಹಾಕಿದೆ.

ಬಡ್ತಿ ಆಗಲಿಲ್ಲ. ಆಗದಿದ್ದರೆ ಹೋಗಲಿ, ಅಕ್ಕನನ್ನು ಲ್ಯಾಬಿನಿಂದಲೇ ತೆಗೆದು ಸ್ಟೋರ್ಸಿಗೆ ಹಾಕಿದರು. ಕೈಗವಸು, ಗಾಜಿನ ಸಾಮಾನು, ಸ್ಪಿರಿಟ್ ಬಾಟಲಿ ಹಂಚುವ ಕಡೆ. ಉಕ್ಕಿನ ಮೇಲಿನ ಕೂದಲೆಳೆಯಂಥ ಗೀರನ್ನು ಕಾಣುತ್ತಿದ್ದ ಕಣ್ಣಿಗೆ ಆ ಕೆಲಸ. ಇದನ್ನು ನನಗೆ ಹೇಳಿದವರು ಬೇರೆಯವರು. ಶನಿವಾರ ಅಕ್ಕ ಬರುವುದು ನಿಂತುಹೋಗಿತ್ತು, ನಾನಾಗಿ ಹೋಗಿ ನೋಡುವ ಮುಖ ನನಗಿರಲಿಲ್ಲ.

ಸುಮಾರು ಎಂಟು ತಿಂಗಳ ಮೇಲೆ ಒಂದು ಲೇಖನಕ್ಕೆ ರೆಫರಿ ಸಿಗದೆ ಸಂಪಾದಕರು, “ಆ ಮೇಡಮ್ಮಿಗೇ ಕಳಿಸಮ್ಮಾ, ಎಷ್ಟಾದರೂ ನಮ್ಮ ಅತ್ಯುತ್ತಮ ರೆಫರಿ” ಎಂದರು. ನಾಚಿಕೆ ಎಂಬುದು ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ, ಕಳಿಸಿದೆ. ನಾಲ್ಕೇ ದಿನಕ್ಕೆ ಪೋಸ್ಟಿನಲ್ಲಿ ವಾಪಸು ಬಂತು. ಅಭಿಪ್ರಾಯ ಒಂದೇ ಸಾಲು. ಲೇಖನ ಚೆನ್ನಾಗಿದೆ, ಪ್ರಕಟಿಸಬಹುದು.

ನನಗೆ ನಂಬಿಕೆ ಬರಲಿಲ್ಲ. ಲೇಖನ ಬಿಡಿಸಿ ಕುಳಿತೆ. ನಾನು ವಿಜ್ಞಾನಿಯಲ್ಲ, ಆದರೆ ಎರಡನೆಯ ಪುಟದ ಕೋಷ್ಟಕ ನನ್ನಂಥವಳ ಕಣ್ಣಿಗೂ ಬಿತ್ತು. ಆ ಉಕ್ಕಿನಲ್ಲಿ ಯಾವ ಯಾವ ಲೋಹ ಶೇಕಡಾ ಎಷ್ಟೆಷ್ಟು ಎಂದು ಬರೆದಿದ್ದರು. ಎಲ್ಲ ಕೂಡಿಸಿದರೆ ನೂರಾ ನಾಲ್ಕು ಆಗುತ್ತಿತ್ತು. ಧೈರ್ಯ ಮಾಡಿ ಅವರ ಸ್ಟೋರ್ಸಿಗೆ ಫೋನ್ ಮಾಡಿದೆ. ಯಾರೋ ಕರೆದರು, ಅಕ್ಕ ಬಂದರು.

“ಅಕ್ಕಾರ, ನಾನ್ರಿ. ಅದು, ಆ ಪೇಪರ್ನ್ಯಾಗ ಎರಡನೇ ಪುಟದ ಟೇಬಲ್ಲು ನೋಡಿದ್ರೇನ್ರಿ?”

“ನೋಡೀನಿ.”

“ಕೂಡಿಸಿದ್ರ ನೂರಕ್ಕಿಂತ ಹೆಚ್ಚಾಗತೈತ್ರಿ.”

“ನೂರಾ ನಾಕು ಆಗತೈತಿ. ಕಡೀ ಪುಟದಾಗೂ ಒಂದು ತಪ್ಪೈತಿ, ಅದು ಇದಕ್ಕಿಂತ ದೊಡ್ಡದು.”

“ಮತ್ತ ಯಾಕ ಬರೀಲಿಲ್ರಿ?”

ಹಿಂದೆ ಯಾರೋ ಕೈಗವಸು ಕೇಳುತ್ತಿದ್ದರು. ಅಕ್ಕ ಅವರಿಗೆ ತೆಲುಗಿನಲ್ಲಿ ಒಂದು ನಿಮಿಷ ಎಂದು ಹೇಳಿ, ನನಗೆ ಮೊದಲಿನ ಅದೇ ಮೆತ್ತಗಿನ ದನಿಯಲ್ಲಿ ಹೇಳಿದರು.

“ಬರದ್ರ ನೀ ನನಗ ಮತ್ತೊಂದು ಪ್ರಶಸ್ತಿ ಕೊಡಸ್ತೀ, ತಂಗಿ.”

ಫೋನ್ ಇಟ್ಟರು. ಕೊನೆಯ ಪುಟದ ತಪ್ಪು ಯಾವುದೆಂದು ನಾನು ಬಹಳ ಹೊತ್ತು ಹುಡುಕಿದೆ, ಸಿಗಲಿಲ್ಲ. ಆ ಲೇಖನ ಎರಡೂ ತಪ್ಪುಗಳ ಸಮೇತ ಮುಂದಿನ ಸಂಚಿಕೆಯಲ್ಲಿ ಅಚ್ಚಾಯಿತು.