ನಡುಕೋಣೆಯ ಹಸಿರು ಗಿಣಿ

ಪುಟ್ಟಿ, ನನಗೆ ಗೊತ್ತಿತ್ತು. ಆ ಬಣ್ಣ ವಿಷ ಅಂತ ಗೊತ್ತಿದ್ದೇ ನಿಮ್ಮ ಮನೆ ಗೋಡೆಗೆ ಹಚ್ಚಿದೆ. ನಿಮ್ಮಪ್ಪ ಅಮ್ಮ ಕೊನೆಯವರೆಗೂ ನಂಬಿದ್ದು ಬೇರೆ — ನಾಗು ಪಾಪದ ಹುಡುಗಿ, ಮಗುವಿನ ಮೇಲಿನ ಪ್ರೀತಿಗೆ, ಅರಿಯದೆ ಮಾಡಿದಳು ಅಂತ. ಪ್ರೀತಿ ನಿಜ. ಅರಿಯದ್ದು ಸುಳ್ಳು.

ಎಪ್ಪತ್ತರ ದಶಕದ ಮಾತು. ಗೋವಿಂದರಾಜನಗರದ ವಠಾರದಲ್ಲಿ ನಿಮ್ಮ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನನ್ನಮ್ಮ ತೀರಿಕೊಂಡ ಮೇಲೆ ನನಗೆ ಎಣ್ಣೆ ಹಚ್ಚಿ ಜಡೆ ಹೆಣೆದವರು ನಿಮ್ಮಮ್ಮ, ಸಾಕಮ್ಮಕ್ಕ. ನಿಮ್ಮಪ್ಪ ಸಿದ್ದಣ್ಣ ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ವಾಚ್‌ಮನ್. ನನ್ನನ್ನು ಅಲ್ಲಿ ಸೇರಿಸಿದವರೂ ಅವರೇ. ಗಡಿಯಾರದ ಅಂಕಿಗಳು ಕತ್ತಲಲ್ಲಿ ಹೊಳೆಯಲಿ ಅಂತ ರೇಡಿಯಂ ಬಣ್ಣ ಹಚ್ಚುವ ಕೆಲಸ. ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು: "ತುದಿ ಚೂಪು ಮಾಡೋಕೆ ಅಂತ ಬ್ರಷ್ಷು ಬಾಯಿಗಿಟ್ಕೋಬೇಡಮ್ಮ. ಮನೆಗಂತೂ ಒಂದು ತೊಟ್ಟೂ ತಗೊಂಡು ಹೋಗ್ಬೇಡ. ಮೂಳೆಗಿಳಿಯೋ ವಿಷ ಇದು."

ನಿನಗೆ ಕತ್ತಲೆಂದರೆ ಪ್ರಾಣಭಯ. ಕಿಟಕಿಯಿಲ್ಲದ ನಡುಕೋಣೆಗೆ ಹಗಲಲ್ಲೂ ಒಬ್ಬಳೇ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಔಷಧಿ ಸೀಸೆಯಲ್ಲಿ ಬಣ್ಣ ತಂದು, ನೀನು ಮಲಗುವ ಕಡೆ ಗೋಡೆಗೆ ಒಂದು ಗಿಣಿ ಬರೆದೆ. ಬಾಗಿಲು ಹಾಕಿದೊಡನೆ ಅದು ಹಸಿರಾಗಿ ಮಿನುಗಿತು. ನೀನು ಕುಣಿದಾಡಿ ಅದರ ಕೊಕ್ಕಿಗೆ ಮುತ್ತಿಟ್ಟೆ — ಆಗಲಾದರೂ ನಿನ್ನನ್ನು ಎಳೆದುಕೊಳ್ಳಬಹುದಿತ್ತು. ಇಷ್ಟು ಚೂರಿಂದ ಏನಾದೀತು ಅಂದುಕೊಂಡೆ. ನಿನ್ನ ನಗು ಬೇಕಾಗಿತ್ತು ನನಗೆ, ಬೇರೆ ಏನೂ ಅಲ್ಲ.

ಕೆಲವು ತಿಂಗಳ ಮೇಲೆ ಕಾರ್ಖಾನೆಯ ಹುಡುಗಿಯೊಬ್ಬಳಿಗೆ ದವಡೆ ಹುಣ್ಣಾಯಿತು. ತಪಾಸಣೆಯವರು ಬಂದರು, ಕೆಲಸಗಾರರ ಮನೆಗಳಿಗೂ ಬಂದರು. ರೇಡಿಯಂ ಇದ್ದ ಕಡೆ ಸದ್ದು ಮಾಡುವ ಅವರ ಕೈಯ ಪೆಟ್ಟಿಗೆ ನಿಮ್ಮ ನಡುಕೋಣೆಯಲ್ಲಿ ಕರಕರ ಅರಚಿಕೊಂಡಿತು. ಇಡೀ ವಠಾರವನ್ನು ವ್ಯಾನಿಗೆ ಹತ್ತಿಸಿ ಮೂಡಲಪಾಳ್ಯದ ಶಾಲೆಯೊಂದಕ್ಕೆ ಸಾಗಿಸಿದರು. ಉಟ್ಟ ಬಟ್ಟೆ ತೆಗೆಸಿ, ಸೋಪು ಹಚ್ಚಿ ಉಜ್ಜಿದರು, ಮತ್ತೆ ಉಜ್ಜಿದರು. ಎಷ್ಟು ತೊಳೆದರೂ ನಿನ್ನ ಕೂದಲ ಬಳಿ ಪೆಟ್ಟಿಗೆ ಸುಮ್ಮನಾಗಲಿಲ್ಲ. ತಲೆ ಬೋಳಿಸಿದರು. ನೀನು ಅಳುತ್ತಾ ಓಡಿ ಬಂದು ಅಪ್ಪಿಕೊಂಡದ್ದು — ಅಮ್ಮನನ್ನಲ್ಲ, ನನ್ನನ್ನು.

ಸಾಕಮ್ಮಕ್ಕ ನನ್ನ ಮುಖವನ್ನೇ ನೋಡುತ್ತಾ ಕೇಳಿದರು. "ನಾಗು, ನಿಂಗೆ ಗೊತ್ತಿತ್ತೇನೇ?"

"ದೇವರಾಣೆಗೂ ಗೊತ್ತಿರ್ಲಿಲ್ಲಕ್ಕಾ."

ಬಣ್ಣ ತಂದವರು ಯಾರು ಅಂತ ಅಧಿಕಾರಿ ವಿಚಾರಿಸಿದಾಗ ಸಿದ್ದಣ್ಣ ಎದ್ದು ನಿಂತರು. "ನಾನೇ ಸಾರ್." ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ ಅಂದರು, "ಮದುವೆ ಆಗ್ಬೇಕಾದ ಹುಡುಗಿ ನೀನು. ಗೊತ್ತಿಲ್ದೆ ಮಾಡಿದ್ದಕ್ಕೆ ಹೆಸರು ಯಾಕೆ ಕೆಡಿಸ್ಕೋತೀಯ? ಸುಮ್ನಿರು." ಸುಮ್ಮನಿದ್ದೆ.

ಅವರ ಕೆಲಸ ಹೋಯಿತು. ವಠಾರದವರು ಮಾತು ಬಿಟ್ಟರು. ಮನೆ ಬದಲಿಸಿ, ವಿಜಯನಗರದಲ್ಲಿ ತಳ್ಳುಗಾಡಿಯ ಮೇಲೆ ಸೊಪ್ಪು ಮಾರಿ ನಿನ್ನನ್ನು ಓದಿಸಿದರು. ನನ್ನ ಮದುವೆಯ ಚಪ್ಪರಕ್ಕೆ ಗಳ ಹೊತ್ತವರೂ ಅವರೇ. ಹೆಣ್ಣುಮಗು, ನಾಳೆ ಸಂಬಂಧ ಕೂಡಿಬರಬೇಕು ಅಂತ ಸಾಕಮ್ಮಕ್ಕ ನಿನಗೆ ಹೇನಾಗಿ ತಲೆ ಬೋಳಿಸಿದ್ದು ಅಂತಲೇ ಹೇಳಿ ಬೆಳೆಸಿದರು. ಈಗ ಇಬ್ಬರೂ ಇಲ್ಲ. ಹಬ್ಬ ಬಂದರೆ ನೀನು ಮಾತ್ರ ನನಗೆ ಬಳೆ ತರುತ್ತೀ, ನನ್ನ ತಲೆ ಬಾಚುತ್ತೀ...

ಹೋದ ವಾರ ಬಂದವಳು ಕಾಲು ನೀವಿಕೊಳ್ಳುತ್ತಾ ಅಂದೆ: "ಮೂಳೇಲಿ ಏನೋ ಗಂಟಂತೆ ನಾಗಕ್ಕ. ಚಿಕ್ಕವಳಿದ್ದಾಗ ಏನಾದ್ರೂ ಆಗಿತ್ತಾ ಅಂತ ಡಾಕ್ಟರು ಕೇಳಿದ್ರು. ಏನೂ ಇಲ್ಲ ಅಂದೆ."

ನಾನು ನಿನಗೆ ಕಾಫಿ ಬಗ್ಗಿಸಿ ಕೊಟ್ಟೆ. ಅಷ್ಟೇ ಮಾಡಿದೆ.

ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ನನಗೆ ತಿಳಿಯದು. ಡಾಕ್ಟರಿಗೆ ತಿಳಿಯಬೇಕು, ಅದಕ್ಕೂ ಮೊದಲು ನಿನಗೆ. ನಾಳೆ ಆಸ್ಪತ್ರೆಗೆ ನಾನೂ ಬರುತ್ತೇನೆ, ಅವರ ಎದುರು ಎಲ್ಲವನ್ನೂ ಹೇಳುತ್ತೇನೆ. ವಾಪಸ್ ಬರುವಾಗ ನೀನು ನನ್ನ ಜೊತೆ ಒಂದೇ ಆಟೋ ಹತ್ತದಿದ್ದರೂ ಸರಿ.