ಸೋಪಕ್ಕ ತೊಳೆಯದೆ ಬಿಟ್ಟ ಬೆಕ್ಕು

ಸೋಪಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವಳ ತಮ್ಮ ತಮಾಷೆಗೆ ಕರೆದದ್ದನ್ನು ಬೀದಿಯವರು ಎತ್ತಿಕೊಂಡರು, ಕೊನೆಗೆ ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಬೇರೆಲ್ಲೂ ಕೇಳಿಸದಂತಾಯಿತು. ಹಾಗೆಂದು ಅದು ಸುಮ್ಮನೆ ಅಂಟಿಕೊಂಡ ಹೆಸರೂ ಅಲ್ಲ. ತರಕಾರಿ ತೊಳೆಯುವುದು ಎಲ್ಲರ ಮನೆಯಲ್ಲೂ ಇದೆ. ಅವಳು ತರಕಾರಿ ತಂದ ಚೀಲ ತೊಳೆಯುತ್ತಿದ್ದಳು, ಚೀಲ ಇಟ್ಟ ಕಟ್ಟೆ ತೊಳೆಯುತ್ತಿದ್ದಳು, ಆಮೇಲೆ ನಲ್ಲಿಯನ್ನೇ ತೊಳೆಯುತ್ತಿದ್ದಳು. ನೆಂಟರು ಬಂದು ಹೋದರೆ, ಅವರು ಬೀದಿಯ ತಿರುವು ದಾಟುವ ಮೊದಲೇ ಕುರ್ಚಿಯ ಕೈಗಳ ಮೇಲೆ ಒದ್ದೆ ಬಟ್ಟೆ ಓಡಾಡುತ್ತಿತ್ತು. ಇಂಥವಳು ಒಂದೇ ಒಂದು ಸಲ, ತೊಳೆಯಲೇಬೇಕಾದದ್ದನ್ನು ಬೇಕೆಂದೇ ತೊಳೆಯದೆ ಬಿಟ್ಟಳು. ಅದು ಇವತ್ತಿಗೂ ಅವಳನ್ನು ತಿನ್ನುತ್ತಿದೆ.

ಅವಳಿಗೆ ಕೆಲಸ ದೊಡ್ಡ ಆಸ್ಪತ್ರೆಯೊಂದರಲ್ಲಿ, ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ವಾರ್ಡುಗಳಿಂದ ಗಾಲಿ ಬುಟ್ಟಿಗಳಲ್ಲಿ ಇಳಿದು ಬರುವ ಹೊದಿಕೆ, ದಿಂಬಿನ ಚೀಲ, ಡಾಕ್ಟರುಗಳ ಕೋಟು ಎಲ್ಲವನ್ನೂ ಮೇಜಿನ ಮೇಲೆ ಬಿಡಿಸಿ ನೋಡಿ ಬೇರ್ಪಡಿಸಬೇಕು. ರಕ್ತದ ಕಲೆಗೆ ಮೊದಲು ತಣ್ಣೀರು, ಮುಲಾಮಿನ ಜಿಡ್ಡಿಗೆ ಬಿಸಿನೀರು. ಅದಲುಬದಲಾದರೆ ಕಲೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಒಮ್ಮೆ ಹೊದಿಕೆಯೊಳಗಿಂದ ಯಾರದೋ ಹಲ್ಲಿನ ಸೆಟ್ಟು ಮೇಜಿನ ಮೇಲೆ ಉದುರಿತು. ಪಕ್ಕದವಳು ಕಿರುಚಿಕೊಂಡು ಹಿಂದೆ ಸರಿದಳು. ಸೋಪಕ್ಕ ಅದನ್ನು ಸೋಪು ಹಾಕಿ ತಿಕ್ಕಿ, ಒರೆಸಿ, ಕಾಗದದಲ್ಲಿ ಸುತ್ತಿ ವಾರ್ಡಿಗೆ ಕಳಿಸಿದಳು. "ಆ ಅಜ್ಜನ ಹಲ್ಲು ಹುಟ್ಟಿದಾಗಲೂ ಇಷ್ಟು ಬೆಳ್ಳಗಿರ್ಲಿಲ್ಲ ಬಿಡಮ್ಮ" ಎಂದು ಮೇಸ್ತ್ರಿ ನಕ್ಕಿದ್ದ. ಅವಳಿಗೂ ಒಳಗೊಳಗೇ ಖುಷಿಯಾಗಿತ್ತು.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ತಮ್ಮ. ತಾಯಿ ತೀರಿಕೊಂಡಾಗ ಅವನಿನ್ನೂ ಮೂಗು ಸುರಿಸಿಕೊಂಡು ಓಡಾಡುವ ಮಗು. ಆ ಮೂಗು ಒರೆಸಿ, ಮೈ ಉಜ್ಜಿ, ಅವನನ್ನು ಒಂದು ದಡ ಮುಟ್ಟಿಸುವಷ್ಟರಲ್ಲಿ ಅವಳ ಮದುವೆಯ ಮಾತು ಆಡುವವರೇ ಉಳಿದಿರಲಿಲ್ಲ. ಅದಕ್ಕಾಗಿ ಅವಳು ಯಾರನ್ನೂ ದೂರಿದವಳಲ್ಲ. ಆದರೆ ಸಾಕಿ ಬೆಳೆಸಿದವರಿಗೆ ಒಂದು ಆಸೆ ಇರುತ್ತದೆ ನೋಡಿ. ತನ್ನ ಮಾತು ನಡೆಯದಿದ್ದರೂ ಪರವಾಗಿಲ್ಲ, ತನ್ನನ್ನು ಒಂದು ಮಾತು ಕೇಳಬೇಕು. ಸೋಪಕ್ಕನಿಗೆ ಈ ಆಸೆ ಸ್ವಲ್ಪ ಜಾಸ್ತಿಯೇ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ.

ತಮ್ಮ ಮರದ ಸಾಮಾನುಗಳಿಗೆ ಪಾಲಿಶ್ ಹಾಕುವವನು. ಮನೆಯ ಹಿಂದಿನ ತಗಡಿನ ಶೆಡ್ಡೇ ಅವನ ಕಾರ್ಖಾನೆ. ಹಳೆಯ ಬೀರು, ಮಂಚ, ಕುರ್ಚಿಗಳನ್ನು ಉಪ್ಪು ಕಾಗದದಲ್ಲಿ ಉಜ್ಜಿ, ಹತ್ತಿಯ ಉಂಡೆಯನ್ನು ಪಾಲಿಶಿನಲ್ಲಿ ಅದ್ದಿ, ಕೈ ಸೋಲುವವರೆಗೆ ತೀಡುತ್ತಿದ್ದ. ಪಾಲಿಶಿಗೆ ಬೆರೆಸುವ ಟರ್ಪೆಂಟೈನಿನ ವಾಸನೆ ಅವನ ಅಂಗಿಗೆ, ತಲೆಗೂದಲಿಗೆ, ಉಗುರಿನ ಸಂದಿಗೆ ಹೊಕ್ಕಿತ್ತು. ಅವನ ಮೂಗಿಗೆ ಅದು ತಿಳಿಯುವುದೇ ನಿಂತುಹೋಗಿತ್ತು. ಸೋಪಕ್ಕನ ಮೂಗು ಹಾಗಲ್ಲ, ಮುಚ್ಚಿದ ಬಾಗಿಲಿನ ಆಚೆಯಿಂದಲೇ ಅವಳಿಗೆ ಅವನು ಬಂದದ್ದು ಗೊತ್ತಾಗುತ್ತಿತ್ತು.

ಒಂದು ದಿನ ಅವನ ಹತ್ತಿಯ ಮೂಟೆಯೊಳಗೆ ಒಂದು ಬಿಳಿ ಬೆಕ್ಕಿನ ಮರಿ ಮಲಗಿತ್ತು. ಹತ್ತಿ ಯಾವುದು, ಬೆಕ್ಕು ಯಾವುದು ಗೊತ್ತಾಗದೆ ಅವನು ಅದನ್ನೇ ಕಿತ್ತು ಉಂಡೆ ಮಾಡಲು ಹೋಗಿ ಪರಚಿಸಿಕೊಂಡ. ಅದಕ್ಕೇ ಅರಳೆ ಎಂದು ಹೆಸರಿಟ್ಟ. ಅರಳೆ ಅವನ ಹೆಗಲ ಮೇಲೆ ಕೂತೇ ದೊಡ್ಡದಾಯಿತು. ಕಷ್ಟವೆಂದರೆ ಅದು ಬೆಳ್ಳಗಿತ್ತು, ಶೆಡ್ಡಿನಲ್ಲಿ ಮರದ ಧೂಳಿತ್ತು, ಮನೆಯಲ್ಲಿ ಸೋಪಕ್ಕ ಇದ್ದಳು.

ಭಾನುವಾರ ಬಂತೆಂದರೆ ಬಚ್ಚಲಲ್ಲಿ ಯುದ್ಧ. ಬಕೆಟ್ಟಿನಲ್ಲಿ ಬೆಚ್ಚಗಿನ ನೀರು, ಒಂದು ಕೈಯಲ್ಲಿ ಬೆಕ್ಕಿನ ಕತ್ತು, ಇನ್ನೊಂದು ಕೈಯಲ್ಲಿ ಸೋಪು. ಅರಳೆಯ ಅರಚಾಟಕ್ಕೆ ಎದುರು ಮನೆಯ ಕಿಟಕಿ ತೆರೆಯುತ್ತಿತ್ತು.

"ಅಕ್ಕಾ, ಬಿಡೇ ಅದನ್ನ. ಬೆಕ್ಕಿಗೆ ಯಾರಾದ್ರೂ ಸ್ನಾನ ಮಾಡಿಸ್ತಾರಾ? ಅದರ ನಾಲಿಗೇನೇ ಅದರ ಸೋಪು."

"ನಿನ್ನ ಶೆಡ್ಡಲ್ಲಿ ಹೊರಳಾಡಿ ಬಂದು ನನ್ನ ಹಾಸಿಗೆ ಮೇಲೆ ಮಲಗುತ್ತಲ್ಲ, ಆಗ ಆ ನಾಲಿಗೆ ಎಲ್ಲೋಗಿರುತ್ತೆ? ಸುಮ್ನೆ ಟವೆಲ್ ಕೊಡು."

ಅವನು ಟವೆಲ್ ಕೊಡುತ್ತಿದ್ದ. ಅವಳು ಮಗುವನ್ನು ಒರೆಸಿದ ಹಾಗೆ ಕಿವಿಯ ಸಂದಿ, ಬೆರಳ ಸಂದಿ ಎಲ್ಲವನ್ನೂ ಒರೆಸಿ, ಬಿಸಿಲಿಗೆ ಕೂರಿಸಿ, ತಾನೂ ಪಕ್ಕದಲ್ಲಿ ಕೂರುತ್ತಿದ್ದಳು. ಬೆಕ್ಕು ಅವಳಿಗೆ ಬೆನ್ನು ತಿರುಗಿಸಿ, ಅವಳು ತೊಳೆದದ್ದನ್ನೆಲ್ಲ ಮತ್ತೊಮ್ಮೆ ಮೊದಲಿನಿಂದ ನೆಕ್ಕುತ್ತಿತ್ತು. ಅವಳ ಕೆಲಸದ ಮೇಲೆ ಅದಕ್ಕೆ ನಂಬಿಕೆಯೇ ಇರಲಿಲ್ಲ.

ಹೀಗೆ ತೊಳೆದೂ ತೊಳೆದೂ ಅರಳೆಯ ಚರ್ಮ ಒಣಗಿ ಹೊಟ್ಟು ಏಳತೊಡಗಿತು, ಸೀನು ಹಿಡಿಯಿತು. ಅಕ್ಕ ತಮ್ಮ ಇಬ್ಬರೂ ಅದನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಪಶುವೈದ್ಯರಲ್ಲಿಗೆ ಹೋದರು. ಅವರು ಕೂದಲು ಸರಿಸಿ ನೋಡಿ, "ಇದನ್ನ ಯಾರಮ್ಮ ಇಷ್ಟು ತೊಳೀತಿರೋದು?" ಎಂದರು. ತಮ್ಮ ಬಾಯಿಬಿಡದೆ ಅಕ್ಕನ ಕಡೆ ಬೆರಳು ಮಾಡಿದ. ಕಾಯುತ್ತಾ ಕೂತಿದ್ದವರೆಲ್ಲ ನಕ್ಕರು. "ಬೆಕ್ಕಿಗೆ ಸ್ನಾನ ಬೇಕಿಲ್ಲಮ್ಮ. ಎಚ್ಚರ ಇರೋ ಹೊತ್ತಲ್ಲಿ ಅರ್ಧ ಪಾಲು ಅದು ಅದೇ ಕೆಲಸ ಮಾಡ್ತಿರುತ್ತೆ. ನೀವು ಕೈ ಹಾಕ್ಬೇಡಿ." ಸೋಪಕ್ಕನ ಮುಖದ ನೀರಿಳಿದು ಹೋಯಿತು.

ತಮ್ಮ ನಗುತ್ತ ಬುಟ್ಟಿ ಎತ್ತಿಕೊಂಡು ಹೊರಗೆ ಹೋದ. ಅವಳು ಔಷಧಿ ಚೀಟಿಗೆ ನಿಂತಿದ್ದಾಗ ವೈದ್ಯರು ಇನ್ನೊಂದು ಮಾತು ಹೇಳಿದರು. "ಎಣ್ಣೆ, ಬಣ್ಣ, ಅಂಥದ್ದೇನಾದ್ರೂ ಮೈಗೆ ಅಂಟಿದ್ರೆ ಮಾತ್ರ ತಡ ಮಾಡ್ದೆ ತೊಳೆದುಬಿಡಿ. ನೆಕ್ಕೋಕೆ ಬಿಡ್ಬೇಡಿ, ಹೊಟ್ಟೆಗೆ ಹೋದ್ರೆ ಕಷ್ಟ." ಈ ಮಾತು ಕೇಳಿಸಿಕೊಂಡದ್ದು ಅವಳೊಬ್ಬಳೇ. ದಾರಿಯಲ್ಲಿ ತಮ್ಮನಿಗೆ ಹೇಳಬಹುದಿತ್ತು. ಅವನು ದಾರಿಯುದ್ದಕ್ಕೂ ವೈದ್ಯರ ದನಿಯಲ್ಲಿ "ಯಾರಮ್ಮ ಇಷ್ಟು ತೊಳೀತಿರೋದು" ಎಂದು ಅಣಕಿಸುತ್ತಲೇ ಬಂದ. ಅವಳು ತುಟಿ ಬಿಗಿದುಕೊಂಡು ನಡೆದಳು.

ಸಂಜೆಯೊಳಗೆ ಕಥೆ ಬೀದಿಯಿಡೀ ಹಬ್ಬಿತು. ದಿನಸಿ ಅಂಗಡಿಯವನು, "ಏನ್ ಸೋಪಕ್ಕ, ಬೆಕ್ಕಿಗೆ ಸೋಪು ಬೇರೆ ಕೊಡ್ಲಾ?" ಎಂದ. ಅವಳು ಎಲ್ಲರೆದುರು ನಕ್ಕಳು. ಮನೆಗೆ ಬಂದು ತಮ್ಮನ ಮುಂದೆ ನಿಂತು, "ಇನ್ಮೇಲೆ ನಿನ್ನ ಬೆಕ್ಕಿನ ಮೈ ನಾನು ಮುಟ್ಟಲ್ಲ. ಅದು ಕೆಸರಲ್ಲಿ ಬಿದ್ದು ಬರಲಿ, ಮಸೀಲಿ ಬಿದ್ದು ಬರಲಿ, ನೀನೇ ಬಂದು ಕೇಳೋ ತನಕ ಮುಟ್ಟಲ್ಲ" ಎಂದಳು.

"ಕೇಳಲ್ಲ ಬಿಡು" ಎಂದ ಅವನು, ಹುಡುಗಾಟಕ್ಕೆ. ಅವನಿಗೆ ಮರುಕ್ಷಣವೇ ಮರೆತುಹೋಯಿತು. ಅವಳಿಗೆ ಮರೆಯಲಿಲ್ಲ. ಸೋಪಕ್ಕನ ಕೋಪ ಕೂಗಾಡಿ ಮುಗಿಯುವಂಥದ್ದಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅದು ಒಳಗೆ ಕೂತು ಬಿಂಕ ಮಾಡುವ ಕೋಪ.

ಅರಳೆಯೇನೋ ಚೇತರಿಸಿಕೊಂಡಿತು. ಸೀನು ನಿಂತಿತು, ಮೈ ಹೊಳೆಯತೊಡಗಿತು. ಹಾಳಾದ್ದು, ತೊಳೆಯುವುದು ಬಿಟ್ಟ ಮೇಲೆ ಅದಕ್ಕೆ ಅವಳ ಮೇಲೆ ಪ್ರೀತಿಯೂ ಬಂತು. ಕೆಲಸದಿಂದ ಬಂದು ಕೂತರೆ ಸಾಕು, ಮಡಿಲಿಗೆ ಹತ್ತುತ್ತಿತ್ತು. ಅವಳು ಕೈಯೆತ್ತಿ ಸುಮ್ಮನೆ ಕೂರುತ್ತಿದ್ದಳು, ಸವರುತ್ತಿರಲಿಲ್ಲ. ತಮ್ಮ ನೋಡದಿದ್ದಾಗ ಮಾತ್ರ ಹಣೆಯ ಮೇಲೆ ಒಂದು ಬೆರಳು ಆಡಿಸುತ್ತಿದ್ದಳು.

ಆ ದಿನ ತಮ್ಮ ಒಂದು ಬೀರುವನ್ನು ಗಾಡಿಗೆ ಹಾಕಿಸಿಕೊಂಡು ಗಿರಾಕಿಯ ಮನೆಗೆ ತಲುಪಿಸಲು ಹೋಗಿದ್ದ. ಅವಸರದಲ್ಲಿ ಪಾಲಿಶ್ ಬೆರೆಸಿದ ಟರ್ಪೆಂಟೈನಿನ ತಟ್ಟೆಯನ್ನು ಮುಚ್ಚದೆ ಬಿಟ್ಟಿದ್ದ. ಸೋಪಕ್ಕ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಂದು ಕಾಲು ತೊಳೆಯುತ್ತಿದ್ದಾಗ ಅರಳೆ ಹಿಂಬಾಗಿಲಿನಿಂದ ಬಂತು. ಒಂದು ಪಕ್ಕೆಯಿಡೀ ಒದ್ದೆ. ಕೂದಲು ಗಂಟುಗಂಟಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಆ ವಾಸನೆ ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಬೆಕ್ಕು ನೆಲದ ಮೇಲೆ ಕೂತು, ಕತ್ತು ತಿರುಗಿಸಿ, ನೆಕ್ಕಲು ಶುರು ಮಾಡಿತು.

ಅವಳ ಕೈ ತಾನಾಗಿ ನಲ್ಲಿಗೆ ಹೋಯಿತು. ಬಕೆಟ್ಟು ಅರ್ಧ ತುಂಬಿತು. ಪಾತ್ರೆ ತೊಳೆಯುವ ಸೋಪು ಕೈಗೆ ಬಂತು. ವೈದ್ಯರು ಹೇಳಿದ ಮಾತು ಅಕ್ಷರ ಅಕ್ಷರವಾಗಿ ನೆನಪಿತ್ತು. ಜೊತೆಗೆ ಆ ಕೋಣೆಯಲ್ಲಿ ಕೂತವರು ನಕ್ಕದ್ದೂ ನೆನಪಿತ್ತು. 'ಬರಲಿ. ಬಂದು ತನ್ನ ಕಣ್ಣಾರೆ ನೋಡಲಿ. ಅಕ್ಕಾ, ಇದು ನಿನ್ನ ಕೈಯಲ್ಲೇ ಆಗೋದು ಅಂತ ಒಂದು ಸಲ ಬಾಯಿಬಿಟ್ಟು ಹೇಳಲಿ' ಅಂದುಕೊಂಡಳು. ಇನ್ನೇನು ಬಂದುಬಿಡುತ್ತಾನೆ, ಅಷ್ಟು ಹೊತ್ತಿಗೆ ಏನು ಮುಳುಗಿಹೋಗುತ್ತದೆ? ಬೆಕ್ಕು ನೆಕ್ಕುತ್ತಿತ್ತು, ನಡುನಡುವೆ ತಲೆ ಕೊಡವಿ ಮತ್ತೆ ನೆಕ್ಕುತ್ತಿತ್ತು. ಸೋಪಕ್ಕ ಆ ಬಕೆಟ್ಟಿನ ನೀರಿನಲ್ಲಿ ಅಡಿಗೆಮನೆಯ ನೆಲ ಒರೆಸಿದಳು. ಮೊದಲೇ ಚೊಕ್ಕಟವಾಗಿದ್ದ ನೆಲ.

ತಮ್ಮ ಬಂದದ್ದು ದೀಪ ಹಾಕುವ ಹೊತ್ತಿಗೆ. ಗಿರಾಕಿ ಬೀರುವನ್ನು ಬಾಯಿತುಂಬ ಹೊಗಳಿದ್ದರಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಾತಾಡುತ್ತಲೇ ಉಂಡ. ಅರಳೆ ಅಷ್ಟರಲ್ಲಿ ಮಂಚದ ಕೆಳಗೆ ಗೋಡೆಯ ಮೂಲೆ ಸೇರಿತ್ತು.

"ಅರಳೆ ಎಲ್ಲೇ ಅಕ್ಕಾ? ಊಟಕ್ಕೂ ಬರ್ಲಿಲ್ಲ."

"ಅಲ್ಲೇ ಮಂಚದ ಕೆಳಗೆ ಬಿದ್ಕೊಂಡಿದೆ. ನಿನ್ನ ಬೆಕ್ಕು, ನೀನೇ ನೋಡ್ಕೋ."

ಅವನು ಬಗ್ಗಿ ನೋಡುತ್ತಾನೆ ಎಂದುಕೊಂಡಳು. ಬಗ್ಗಿದರೆ ಕಾಣುತ್ತದೆ, ಕಂಡರೆ ಕೇಳುತ್ತಾನೆ, ಕೇಳಿದರೆ ತೊಳೆಯುತ್ತಾಳೆ. ಅವನು "ಮಲಗಿರ್ಲಿ ಬಿಡು" ಎಂದು ಕೈ ಒರೆಸಿಕೊಂಡು ಗೋಡೆಗೆ ಒರಗಿ, ಹಾಗೇ ನಿದ್ದೆಹೋದ. ಟರ್ಪೆಂಟೈನಿನ ವಾಸನೆ ಅವನಿಂದ ಬರುತ್ತಿತ್ತೋ ಮಂಚದ ಕೆಳಗಿಂದಲೋ, ಅವನಿಗೆ ಹೇಗೆ ಗೊತ್ತಾಗಬೇಕು. ಅವನನ್ನು ಎಬ್ಬಿಸಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹಠ ಎಂಬುದು ಮನುಷ್ಯರನ್ನು ಎಷ್ಟು ದಡ್ಡರನ್ನಾಗಿ ಮಾಡುತ್ತದೆ ಎಂದರೆ, ಆ ಹೊತ್ತಿನಲ್ಲಿ ಅವಳಿಗೆ ತಾನು ಗೆಲ್ಲುತ್ತಿದ್ದೇನೆ ಎಂದೇ ಅನ್ನಿಸಿತ್ತು.

ಬೆಳಿಗ್ಗೆ ಅರಳೆಯ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಏದುಸಿರು. ಎತ್ತಿಕೊಂಡರೆ ಕತ್ತು ನಿಲ್ಲಲಿಲ್ಲ. ಅಕ್ಕ ತಮ್ಮ ಇಬ್ಬರೂ ಚಪ್ಪಲಿಯ ಪರಿವೆಯೂ ಇಲ್ಲದೆ ಓಡಿದರು.

ವೈದ್ಯರು ಬೆಕ್ಕಿನ ಪಕ್ಕೆಯನ್ನು ಮೂಸಿ ನೋಡಿ ತಲೆಯೆತ್ತಿದರು. "ಟರ್ಪೆಂಟೈನ್. ಇದು ಅಂಟಿ ಎಷ್ಟು ಹೊತ್ತಾಯ್ತು?"

ತಮ್ಮ ಅಕ್ಕನ ಮುಖ ನೋಡಿದ.

"ಗೊತ್ತಿಲ್ಲ ಡಾಕ್ಟ್ರೇ. ಬೆಳಿಗ್ಗೆನೇ ನೋಡಿದ್ದು" ಎಂದಳು ಅವಳು. ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿ ತೆರೆದಾಗ ಅದೇ ಬಂತು.

"ಅಂಟಿದ ತಕ್ಷಣ ಯಾರಾದ್ರೂ ಬೆಚ್ಚಗಿನ ನೀರು, ಪಾತ್ರೆ ಸೋಪು ಹಾಕಿ ತೊಳೆದಿದ್ರೆ ಸಾಕಿತ್ತು. ಹೊಟ್ಟೆಗೂ ಹೋಗಿದೆ, ಶ್ವಾಸಕೋಶಕ್ಕೂ ಇಳಿದಿದೆ. ನೋಡೋಣ" ಎಂದರು ಅವರು. ಅವಳ ಕಡೆ ಒಂದು ಕ್ಷಣ ಹೆಚ್ಚೇ ನೋಡಿದರು ಎಂದು ಅವಳಿಗೆ ಅನ್ನಿಸಿತು. ಅವರಿಗೆ ತಾವು ಹಿಂದೆ ಹೇಳಿದ ಮಾತು ನೆನಪಿತ್ತೋ ಇಲ್ಲವೋ ಯಾರಿಗೆ ಗೊತ್ತು.

ಆ ವಾರ ಮುಗಿಯುವುದರೊಳಗೆ ಅರಳೆ ಹೋಯಿತು. ಕೊನೆಯ ದಿನ ಸೋಪಕ್ಕ ರಜೆ ಹಾಕಿ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಆಗ ಸವರಿದಳು, ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ ಕಣ್ಣೀರು ಹಾಕುತ್ತ ಸವರಿದಳು. ಅದು ನಾಲಿಗೆಯ ತುದಿಯನ್ನು ಹೊರಗೆ ಹಾಕಿ ಅವಳ ಬೆರಳನ್ನು ನೆಕ್ಕಲು ನೋಡಿತು, ಆಗಲಿಲ್ಲ.

ತಮ್ಮ ಎಲ್ಲ ತಪ್ಪನ್ನೂ ತನ್ನ ತಲೆಗೆ ಕಟ್ಟಿಕೊಂಡ. ತಟ್ಟೆ ಮುಚ್ಚದೆ ಹೋದವನು ನಾನು, ಮಂಚದ ಕೆಳಗೆ ಬಗ್ಗಿ ನೋಡದವನು ನಾನು, ಬೆಕ್ಕಿಗೆ ಸ್ನಾನ ಬೇಡ ಎಂದು ಊರೆಲ್ಲ ಸಾರಿದವನೂ ನಾನೇ ಎಂದು ಕೊರಗಿದ. ಶೆಡ್ಡಿಗೆ ಕಾಲಿಡಲು ಅವನಿಗೆ ಆಗುತ್ತಿರಲಿಲ್ಲ. ಹತ್ತಿಯ ಮೂಟೆ ಕಂಡರೆ ಮುಖ ತಿರುಗಿಸುತ್ತಿದ್ದ. ಕೊನೆಗೆ ಒಪ್ಪಿಕೊಂಡ ಕೆಲಸಗಳನ್ನು ಮುಗಿಸಿ, ಒಂದು ದೊಡ್ಡ ಪೀಠೋಪಕರಣ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿಕೊಂಡ. ಅಲ್ಲಿ ಕೈಪಾಲಿಶ್ ಇಲ್ಲ. ಮುಖಕ್ಕೆ ಮುಸುಕು ಹಾಕಿಕೊಂಡು ಯಂತ್ರದಿಂದ ಬಣ್ಣ ಚಿಮ್ಮಿಸುವುದು. ಅವನಿಗೆ ಆ ಕೆಲಸ ಕಂಡರಾಗುತ್ತಿರಲಿಲ್ಲ, ಆದರೂ ಹೋಗಿಬರುತ್ತಿದ್ದ.

ಇನ್ನೊಂದು ಬದಲಾವಣೆಯೂ ಆಯಿತು. ಅವನು ಅವಳನ್ನು ಸೋಪಕ್ಕ ಎಂದು ಕರೆಯುವುದನ್ನು ಬಿಟ್ಟ. ಯಾರಾದರೂ ಬೆಕ್ಕು ತಂದಿದ್ದೇವೆ, ತೊಳೆಯಬೇಕೋ ಬೇಡವೋ ಎಂದರೆ, "ನಮ್ಮಕ್ಕನ್ನ ಕೇಳಿ. ಅವಳು ಹೇಳಿದ ಹಾಗೆ ಮಾಡಿ, ನನ್ನ ಮಾತು ಕೇಳ್ಬೇಡಿ" ಎನ್ನುತ್ತಿದ್ದ. ಎಷ್ಟು ಆಸೆಪಟ್ಟಿದ್ದಳು ಈ ಮಾತಿಗೆ! ಈಗ ಅದು ಕಿವಿಗೆ ಬಿದ್ದಾಗಲೆಲ್ಲ ಅವಳು ಏನೋ ನೆವ ಹೇಳಿ ಒಳಗೆ ಹೋಗುತ್ತಿದ್ದಳು. ಬಂದವರು ಬಿಡದೆ ಕೇಳಿದರೆ, "ಸುಮ್ಸುಮ್ನೆ ತೊಳೀಬೇಡಿ. ಏನಾದ್ರೂ ಅಂಟಿದ್ರೆ ಯಾರನ್ನೂ ಕಾಯದೆ ತೊಳೀರಿ" ಎಂದಷ್ಟೇ ಹೇಳುತ್ತಿದ್ದಳು.

ಒಂದು ಭಾನುವಾರ ಅಕ್ಕ ತಮ್ಮ ಸೇರಿ ಶೆಡ್ಡು ಖಾಲಿ ಮಾಡಲು ನಿಂತರು. ಅವನು ಡಬ್ಬಿಗಳನ್ನು ತೆಗೆದು ಕೊಡುವುದು, ಅವಳು ಗೋಣಿಚೀಲಕ್ಕೆ ತುಂಬುವುದು. ಗೋಣಿಚೀಲ ಅರ್ಧ ತುಂಬಿತು. ಆಮೇಲೆ ಅವನು ಅವಳ ಕಡೆ ನೋಡದೆಯೇ ಹೇಳಿದ.

"ಅಕ್ಕಾ, ಅವತ್ತು ಅದು ನಿನ್ನ ಕಣ್ಣಿಗೆ ಬಿದ್ದಿದ್ರೆ ನೀನು ತೊಳೆದೇ ತೊಳೀತಿದ್ದೆ. ನಾನು ಬೇಡ ಅಂದ್ರೂ, ಅಡ್ಡ ನಿಂತ್ರೂ ಬಿಡ್ತಿರ್ಲಿಲ್ಲ. ನನ್ನನ್ನೂ ಹಾಗೇ ಅಲ್ವಾ ನೀನು ಬೆಳೆಸಿದ್ದು. ನನ್ನ ಗ್ರಹಚಾರ, ನಿನ್ನ ಕಣ್ಣಿಗೆ ಬೀಳ್ಲಿಲ್ಲ."

ಗೋಣಿಯ ಬಾಯಿ ಹಿಡಿದು ಅವಳು ನಿಂತಳು. ಅದು ನನ್ನ ಕಣ್ಣಿಗೆ ಬಿದ್ದಿತ್ತು ಎಂದು ಹೇಳಿಬಿಡಬೇಕೆಂದು ಅವಳು ಎಷ್ಟೋ ದಿನದಿಂದ ಅಂದುಕೊಂಡಿದ್ದಳು. ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗುವುದಿಲ್ಲವೆಂದೂ ಗೊತ್ತಿತ್ತು. ಅವನಿಗೆ ನೋವಾಗುತ್ತದೆ ಎಂದು ಸುಮ್ಮನಾದಳು ಎಂದರೆ ಅದು ಸುಳ್ಳು. ಅವನ ಬಾಯಿಂದ ಬಂದ ಆ ಮಾತು ಅವಳಿಗೆ ಬೇಕಿತ್ತು, ಈಗಲೂ ಬೇಕಿತ್ತು.

"ಹೂಂ ಕಣೋ" ಎಂದಳು. "ತೊಳೀತಿದ್ದೆ."